ಮೂವತ್ತು ವರ್ಷ ಹಳೆಯ ಜೀಪನ್ನು ಕೊಳ್ಳಬಹುದೇ?

ಪ್ರಶ್ನೆ: ಕಳಸದ ಸಮೀಪ ನಮಗೆ ಐದು ಎಕರೆ ಕಾಫಿ ಮತ್ತು ಅಡಿಕೆ ತೋಟವಿದೆ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ಏರುದಾರಿ. ಮಳೆಗಾಲದಲ್ಲಿ ಬೈಕ್ ಕೂಡ ಹತ್ತುವುದಿಲ್ಲ. ಪರಿಚಯದವರೊಬ್ಬರು 1994ರ ಮಹೀಂದ್ರ ಎಂಎಂ 540 ಫೋರ್ ವೀಲ್ ಡ್ರೈವ್ ಜೀಪನ್ನು 1,40,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಜೀಪ್ ಎರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಆರ್‌ಸಿ ತೀರಿಹೋದ ಅವರ ತಂದೆಯ ಹೆಸರಿನಲ್ಲಿದ್ದು, 2024ರ ಆಗಸ್ಟ್‌ನಲ್ಲಿ ಅವಧಿ ಮುಗಿದಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೆಲಸಕ್ಕೆ 60,000 ಆಗುತ್ತದೆ, ಇಲ್ಲವಾದರೆ ಪಿಕಪ್‌ನ ಡಿಐ ಎಂಜಿನ್ ಕೂರಿಸಿಬಿಡೋಣ ಎಂದು ನಮ್ಮೂರಿನ ಮೆಕ್ಯಾನಿಕ್ ಹೇಳುತ್ತಾರೆ. ಈಗ ಮಳೆಗಾಲದಲ್ಲಿ ವಾರಕ್ಕೆರಡು ಸಲ ಬಾಡಿಗೆ ಜೀಪ್ ಕರೆಸುತ್ತೇವೆ, ಒಂದು ಸಲಕ್ಕೆ 800 ರೂಪಾಯಿ. ತಾಯಿಗೆ 74 ವರ್ಷ. ಕೊಳ್ಳುವುದು ಸರಿಯೇ?

ಉತ್ತರ: ಮಾನ್ಯರೇ, ನೀವು ಹೇಳಿರುವ ಬೆಲೆಗೆ ಮತ್ತು ಈಗಿರುವ ಕಾಗದಪತ್ರಗಳ ಸ್ಥಿತಿಯಲ್ಲಿ ಈ ಜೀಪನ್ನು ಕೊಳ್ಳಬೇಡಿ. ಆದರೆ ಚಾಸಿ (ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟು) ಗಟ್ಟಿಯಾಗಿದ್ದು, ಆರ್‌ಸಿಯನ್ನು ಸರಿಪಡಿಸುವ ಹೊಣೆಯನ್ನು ಮಾರುವವರೇ ಹೊತ್ತುಕೊಂಡು, ಬೆಲೆ ಸುಮಾರು 80,000ಕ್ಕೆ ಇಳಿಯುವುದಾದರೆ ಕೊಳ್ಳಬಹುದು. ಇಷ್ಟು ಖಚಿತವಾಗಿ ಏಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರಿಸುತ್ತೇನೆ. ನಿಮ್ಮ ಪತ್ರದಲ್ಲಿ ಎಂಜಿನ್ನಿನ ಬಗ್ಗೆ ಸಾಕಷ್ಟು ಮಾತಿದೆ, ಚಾಸಿಯ ಬಗ್ಗೆ ಒಂದು ಪದವೂ ಇಲ್ಲ. ಹಳೆಯ ಜೀಪ್ ಕೊಂಡು ಕೈಸುಟ್ಟುಕೊಂಡವರಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ.

ಮೊದಲು ಹಣದ ಲೆಕ್ಕವನ್ನು ಮುಗಿಸಿಕೊಳ್ಳೋಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆರಡು ಸಲವೆಂದರೆ ಸುಮಾರು 40 ಸಲ, ಅಂದರೆ ವರ್ಷಕ್ಕೆ 32,000 ರೂಪಾಯಿ ಬಾಡಿಗೆ. ಸ್ವಂತ ಜೀಪ್ ಇದ್ದರೆ ಈ ಹಣ ಉಳಿಯುತ್ತದೆ ಎಂದು ನಿಮಗೆ ಅನ್ನಿಸಿರಬಹುದು. ಆದರೆ 1500 ಸಿಸಿ ಮೀರಿದ ಖಾಸಗಿ ವಾಹನಕ್ಕೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ದರವೇ 7,897 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 9,300 ಆಗುತ್ತದೆ. ಮಣ್ಣಿನ ದಾರಿಯಲ್ಲೇ ಓಡುವ ಮೂವತ್ತು ವರ್ಷದ ಜೀಪಿಗೆ ಆಯಿಲ್, ಬ್ರೇಕ್ ಲೈನರ್, ಸ್ಪ್ರಿಂಗ್ ಪ್ಲೇಟ್, ಬುಷ್, ಬ್ಯಾಟರಿ, ಟೈರ್ ಎಂದು ವರ್ಷಕ್ಕೆ ಕಡಿಮೆಯೆಂದರೂ 15,000 ಎತ್ತಿಡಬೇಕಾಗುತ್ತದೆ ಎಂಬುದು ನನ್ನ ಅಂದಾಜು. ಡೀಸೆಲ್ಲಿನ ಖರ್ಚು ಬೇರೆ. ಹೀಗಾಗಿ ಬಾಡಿಗೆ ಉಳಿಸಿ ಜೀಪಿನ ಬೆಲೆಯನ್ನು ತೀರಿಸಿಕೊಳ್ಳುವ ಯೋಚನೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಆ ಲೆಕ್ಕ ಕೂಡಿ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಜೀಪ್ ಕೊಳ್ಳಲು ನಿಜವಾದ ಕಾರಣವಾಗಿ ನನಗೆ ಕಂಡದ್ದು ನಿಮ್ಮ ತಾಯಿಯವರ ವಯಸ್ಸು. ಜುಲೈ ತಿಂಗಳ ಜಡಿಮಳೆಯ ನಡುರಾತ್ರಿಯಲ್ಲಿ ಬಾಡಿಗೆ ಜೀಪಿನವರು ಫೋನ್ ಎತ್ತುತ್ತಾರೆಂಬ ಭರವಸೆ ಇಲ್ಲದಿರುವಾಗ ಮನೆಯಂಗಳದಲ್ಲಿ ಒಂದು ಗಾಡಿ ನಿಂತಿರುವುದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಆದರೆ ಈ ಕಾರಣಕ್ಕಾಗಿ ಕೊಳ್ಳುವುದಾದರೆ ಆ ಗಾಡಿ ಕರೆದಾಗ ಸ್ಟಾರ್ಟ್ ಆಗಬೇಕು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕು. ಅರ್ಧಂಬರ್ಧ ರಿಪೇರಿಯಾದ ಜೀಪ್ ಈ ಕೆಲಸಕ್ಕೆ ಆಗುವುದಿಲ್ಲ. ಆದ್ದರಿಂದ ಕೊಳ್ಳುವ ಬೆಲೆಗಿಂತ ಪೂರ್ತಿ ಸಿದ್ಧವಾಗಿ ಮನೆ ಸೇರುವ ಹೊತ್ತಿಗೆ ಬೀಳುವ ಒಟ್ಟು ಬೆಲೆಯನ್ನು ಗಮನದಲ್ಲಿಟ್ಟು ನಿರ್ಧರಿಸಬೇಕು.

ಇನ್ನು ಕಾಗದಪತ್ರಗಳ ವಿಷಯ. ಖಾಸಗಿ ವಾಹನದ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 1994ರ ಗಾಡಿ 2009, 2014, 2019ರಲ್ಲಿ ನವೀಕರಣಗೊಂಡು 2024ಕ್ಕೆ ಬಂದು ನಿಂತಿದೆ ಎಂಬುದು ನಿಮ್ಮ ವಿವರಕ್ಕೆ ಸರಿಹೊಂದುತ್ತದೆ. 2022ರ ಏಪ್ರಿಲ್‌ಗಿಂತ ಮೊದಲು ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಆಗ ಅದು 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಂತೆ 20 ವರ್ಷ ದಾಟಿದ ಲಘು ವಾಹನಕ್ಕೆ ಈಗ 10,000. ಅವಧಿ ಮೀರಿದ ಪ್ರತಿ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕವೂ ಇದೆ. ಹದಿನೆಂಟು ತಿಂಗಳು ತಡವಾಗಿದೆ ಎಂದಿಟ್ಟುಕೊಂಡರೆ 9,000. ವಿಮೆಯನ್ನೂ ಸೇರಿಸಿದರೆ ಒಂದು ಸ್ಪ್ಯಾನರ್ ಮುಟ್ಟುವ ಮೊದಲೇ 28,000 ಖರ್ಚಾಗಿರುತ್ತದೆ. ಹಸಿರು ತೆರಿಗೆ, ವರ್ಗಾವಣೆ ಶುಲ್ಕ, ಎಮಿಷನ್ ತಪಾಸಣೆ ಇದರ ಮೇಲೆ.

ಹಣಕ್ಕಿಂತ ದೊಡ್ಡ ತೊಡಕು ಮಾಲೀಕತ್ವದ್ದು. ಆರ್‌ಸಿಯಲ್ಲಿ ಹೆಸರಿರುವವರು ತೀರಿಹೋಗಿರುವುದರಿಂದ ಮಗನಾದವರು ಮೊದಲು ಫಾರ್ಮ್ 31ರಲ್ಲಿ ಅರ್ಜಿ ಕೊಟ್ಟು ಉತ್ತರಾಧಿಕಾರಿಯಾಗಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಅದಾದ ಮೇಲಷ್ಟೇ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಅವರು ನಿಮಗೆ ಹಾಕಿಕೊಡುವ ಸಹಿಗೆ ಬೆಲೆ ಬರುತ್ತದೆ. ನವೀಕರಣಕ್ಕೆ ಫಾರ್ಮ್ 25 ಕೊಟ್ಟು ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕು. ಬ್ರೇಕ್ ಹಿಡಿಯದ, ಲೈಟ್ ಉರಿಯದ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ಪಾಸ್ ಮಾಡುವುದಿಲ್ಲ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿ ಮಾರುವವರನ್ನು ಜೊತೆಗಿಟ್ಟುಕೊಂಡೇ ಕೇಳಿ ತಿಳಿದುಕೊಳ್ಳಿ. ‘ಸಹಿ ಹಾಕಿಕೊಡುತ್ತೇನೆ, ಆಮೇಲೆ ನೀವೇ ಮಾಡಿಸಿಕೊಳ್ಳಿ’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಆ ‘ಆಮೇಲೆ’ ಬರದೆ ಹಾಗೆಯೇ ಕೊಟ್ಟಿಗೆಯಲ್ಲಿ ಕೊಳೆತುಹೋದ ಜೀಪುಗಳನ್ನು ಬಾಳೆಹೊನ್ನೂರಿನಿಂದ ಕೊಪ್ಪದವರೆಗೆ ನಾನು ಕಂಡಿದ್ದೇನೆ.

ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಮಾಲೀಕರ ಕ್ರಮಸಂಖ್ಯೆ, ಸಾಲದ ನಮೂದು, ಬಾಕಿ ದಂಡ ಎಲ್ಲವನ್ನೂ ನೋಡಿಕೊಳ್ಳಿ. ಎಂದೋ ತೀರಿದ ಸಾಲ ಆರ್‌ಸಿಯಲ್ಲಿ ಹಾಗೆಯೇ ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಅದನ್ನು ತೆಗೆಸಲಾಗುವುದಿಲ್ಲ. ಈ ಜೀಪ್ ಕೈಬಿಟ್ಟು ಬೇರೆ ಕಡೆ ಹುಡುಕುವುದಾದರೆ ಎರಡು ಎಚ್ಚರಿಕೆಗಳಿವೆ. ಸರ್ಕಾರಿ ಇಲಾಖೆಗಳ ಹೆಸರಿನಲ್ಲಿದ್ದು 15 ವರ್ಷ ದಾಟಿದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅವು ಗುಜರಿಗೆ ಹೋಗಬೇಕಾದ ಗಾಡಿಗಳು. ಹಾಗೆಯೇ ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಸೇನೆಯ ಹಳೆಯ ಭಾಗಗಳನ್ನು ಜೋಡಿಸಿ ಕಟ್ಟಿದ ಜೀಪುಗಳು ನೋಡಲು ಬಹಳ ಚೆನ್ನಾಗಿರುತ್ತವೆ, ಆದರೆ ಅಂಥ ಗಾಡಿಯ ಚಾಸಿಗೂ ಆರ್‌ಸಿಗೂ ಹೊಂದಿಕೆ ಇದೆಯೇ ಎಂಬುದು ಖಚಿತವಾಗದೆ ಒಂದು ರೂಪಾಯಿಯನ್ನೂ ಕೊಡಬಾರದು.

ಚಾಸಿಯ ಪರೀಕ್ಷೆಗೆ ನಿಮ್ಮ ಅರ್ಧ ದಿನವನ್ನು ಮೀಸಲಿಡಿ. ಒಂದು ವೈರ್ ಬ್ರಷ್, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಟಾರ್ಚ್, ತೂಗುಗುಂಡು, ಬಿಳಿ ಹಾಳೆ ಮತ್ತು ಪೆನ್ಸಿಲ್ ಜೊತೆಯಲ್ಲಿರಲಿ. ಚಾಸಿಯ ಮೇಲೆ ಕೊರೆದಿರುವ ಸಂಖ್ಯೆಯ ಜಾಗವನ್ನು ಬ್ರಷ್‌ನಿಂದ ತಿಕ್ಕಿ, ಹಾಳೆಯನ್ನು ಒತ್ತಿ ಹಿಡಿದು ಪೆನ್ಸಿಲ್ಲನ್ನು ಅಡ್ಡಲಾಗಿ ಉಜ್ಜಿದರೆ ಅಂಕಿಗಳು ಹಾಳೆಯಲ್ಲಿ ಮೂಡುತ್ತವೆ. ಆರ್‌ಟಿಒ ಕಚೇರಿಯಲ್ಲಿಯೂ ಚಾಸಿ ಪ್ರಿಂಟ್ ತೆಗೆಯುವುದು ಹೀಗೆಯೇ. ಅಂಕಿಗಳ ಸಾಲು ನೇರವಾಗಿದೆಯೇ, ಯಾವುದಾದರೂ ಒಂದು ಅಂಕಿಯ ಸುತ್ತ ಲೋಹವನ್ನು ಉಜ್ಜಿದ ಗುರುತಿದೆಯೇ ಎಂಬುದು ಬರಿಗಣ್ಣಿಗಿಂತ ಹಾಳೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಆರ್‌ಸಿಯೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಎಂಜಿನ್ ಸಂಖ್ಯೆಯನ್ನೂ ಹೀಗೆಯೇ ನೋಡಿ.

ಆಮೇಲೆ ಗಾಡಿಯ ಅಡಿಗೆ ಹೋಗಿ. ಮಲೆನಾಡಿನ ಜೀಪುಗಳ ಚಾಸಿ ಹೊರಗಿನಿಂದ ತುಕ್ಕು ಹಿಡಿಯುವುದಕ್ಕಿಂತ ಒಳಗಿನಿಂದ ಹಿಡಿಯುವುದೇ ಹೆಚ್ಚು, ಏಕೆಂದರೆ ಉದ್ದದ ಬೀಮುಗಳೊಳಗೆ ಹೊಕ್ಕ ಕೆಸರು ಹೊರಬರಲು ದಾರಿಯಿಲ್ಲದೆ ಮಳೆಗಾಲವಿಡೀ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳ (ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿಗಳ) ಸುತ್ತ, ಹಿಂದಿನ ಕ್ರಾಸ್ ಮೆಂಬರ್ ಎಂಬ ಅಡ್ಡ ಬೀಮಿನಲ್ಲಿ, ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿಯಲ್ಲಿ ಮತ್ತು ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಖಣಖಣ ಎನ್ನುತ್ತದೆ, ತುಕ್ಕು ತಿಂದ ಕಬ್ಬಿಣ ದಪ್ಪ ಸದ್ದು ಕೊಡುತ್ತದೆ. ಸದ್ದು ಬದಲಾದಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ ನೋಡಿ. ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೆ ಇನ್ನೂ ಹೆಚ್ಚು ಜಾಗಗಳಲ್ಲಿ ಒತ್ತಿ ನೋಡಿ.

ಇದನ್ನು ಒತ್ತಿ ಹೇಳಲು ನನ್ನದೇ ಅನುಭವವಿದೆ. ಇಪ್ಪತ್ತು ವರ್ಷದ ಹಿಂದೆ ನಾನು ಕೊಂಡ ಒಂದು ಜೀಪಿನ ಎಂಜಿನ್ ಅರ್ಧ ಸುತ್ತಿಗೇ ಸ್ಟಾರ್ಟ್ ಆಗುತ್ತಿತ್ತು. ಅಡಿಗೆಲ್ಲ ಕಪ್ಪು ಪೇಂಟ್ ಹೊಡೆದು ಅಚ್ಚುಕಟ್ಟಾಗಿಟ್ಟಿದ್ದರು. ಎಂಜಿನ್ನಿನ ಸದ್ದು ಕೇಳಿದ ಸಂತೋಷದಲ್ಲಿ ನಾನು ಅಡಿಗೆ ಮಲಗಿ ನೋಡಲೇ ಇಲ್ಲ. ಎರಡನೆಯ ಮಳೆಗಾಲದಲ್ಲಿ ಹನ್ನೆರಡು ಚೀಲ ಗೊಬ್ಬರ ಹೇರಿಕೊಂಡು ಏರು ಹತ್ತುತ್ತಿದ್ದಾಗ ಎಡಗಡೆ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಚಾಸಿಯ ತುಂಡನ್ನೇ ಕಿತ್ತುಕೊಂಡು ಬಂತು. ಹೌಸಿಂಗ್ (ಚಕ್ರಗಳ ಆಕ್ಸಲ್ ಇರುವ ಕವಚ) ಓರೆಯಾಗಿ, ಜೀಪ್ ಹಿಂದಕ್ಕೆ ಸರಿದು ದರೆಗೆ ಒರಗಿ ನಿಂತಿತು. ಆಚೆ ಬದಿಯಲ್ಲಿ ದರೆಯ ಬದಲು ಇಳಿಜಾರು ತೋಟವಿತ್ತು. ಹಿಂದೆ ಕುಳಿತಿದ್ದ ಇಬ್ಬರು ಆಳುಗಳು ಇಳಿದು ನಿಂತು ನಡುಗುತ್ತಿದ್ದುದು ಇಂದಿಗೂ ನನ್ನ ಕಣ್ಣಮುಂದಿದೆ. ಆ ತುಂಡನ್ನು ಕೈಗೆತ್ತಿಕೊಂಡಾಗ ಪೇಂಟಿನ ಪದರದ ಒಳಗೆ ಕಬ್ಬಿಣ ಹಪ್ಪಳದಷ್ಟು ತೆಳ್ಳಗಾಗಿತ್ತು.

ಚಾಸಿ ನೆಟ್ಟಗಿದೆಯೇ ಎಂದು ತಿಳಿಯಲು ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಎರಡು ಹಾಗೂ ಹಿಂದಿನ ಎರಡು ಸ್ಪ್ರಿಂಗ್ ಬೋಲ್ಟ್‌ಗಳಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ, ಮೂಲೆಯಿಂದ ಮೂಲೆಗೆ ಎರಡೂ ಅಳತೆಗಳನ್ನು ತೆಗೆದುಕೊಳ್ಳಿ. ಅವುಗಳ ನಡುವೆ ಬೆರಳಗಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಡಿ ಎಲ್ಲೋ ಬಲವಾಗಿ ಬಿದ್ದಿದೆ ಅಥವಾ ಗುದ್ದಿದೆ. ಕೊಡಚಾದ್ರಿ, ಮಾಂದಲಪಟ್ಟಿಯ ಕಡೆ ಪ್ರವಾಸಿಗರನ್ನು ಹತ್ತಿಸಿದ ಜೀಪುಗಳಲ್ಲಿ ಚಾಸಿಗೆ ಬೆಸುಗೆ ಹಾಕಿದ ಪಟ್ಟಿಗಳು ಕಾಣಸಿಗುತ್ತವೆ. ಬೆಸುಗೆ ಇದ್ದ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ. ಉದ್ದನೆಯ ಪಟ್ಟಿಯನ್ನು ಹೊಂದಿಸಿ ನೀಟಾಗಿ ಮಾಡಿದ ಬೆಸುಗೆ ಬೇರೆ, ಬಿರುಕಿನ ಮೇಲೆ ಮೆತ್ತಿದ ಉಂಡೆ ಬೇರೆ. ಹ್ಯಾಂಗರ್ ಅಥವಾ ಸ್ಟೀರಿಂಗ್ ಬಾಕ್ಸ್ ಬಳಿ ಎರಡನೆಯ ಬಗೆಯದು ಕಂಡರೆ ಅಲ್ಲಿಗೇ ಎದ್ದು ಬಂದುಬಿಡಿ. ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಆ ಗಾಡಿಯಲ್ಲಿ ತಾಯಿಯನ್ನು ಕೂರಿಸಬಾರದು.

ಎಂಜಿನ್ನಿನ ಬಗ್ಗೆ ನಾನು ಅಷ್ಟು ಚಿಂತಿಸುವುದಿಲ್ಲ. ಈ ಕಾಲದ ಎಂಎಂ 540ರಲ್ಲಿ ಸಾಮಾನ್ಯವಾಗಿ ಇರುವುದು ಪ್ಯೂಜೊ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ) ಎಂಬುದು ಆ ಹೆಸರಿನ ಹಿಂದಿರುವ ಲೆಕ್ಕ; ಗಾತ್ರ 2112 ಸಿಸಿ. ಇದು ಸಿಲಿಂಡರಿನ ಒಳಗನ್ನು ಬೆಚ್ಚಗಾಗಿಸುವ ಹೀಟರ್ ಪ್ಲಗ್ ಕಾಯಿಸಿ ಸ್ಟಾರ್ಟ್ ಮಾಡಬೇಕಾದ ಎಂಜಿನ್. ಬೆಳಗಿನ ಚಳಿಯಲ್ಲಿ ತಡವಾಗಿ ಹಿಡಿಯುವುದಕ್ಕೆ ಎಷ್ಟೋ ಸಲ ಸುಟ್ಟುಹೋದ ಪ್ಲಗ್ಗೇ ಕಾರಣವಾಗಿರುತ್ತದೆಯೇ ಹೊರತು ಕಂಪ್ರೆಷನ್ ಅಲ್ಲ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ಬಾಯಿಯ ಮೇಲೆ ಅಂಗೈ ಹಿಡಿಯಿರಿ. ಸಣ್ಣಗೆ ಉಸಿರಾಡಿದಂತೆ ಗಾಳಿ ತಾಗಿದರೆ ಪರವಾಗಿಲ್ಲ, ಹೊಗೆಯೊಂದಿಗೆ ಬುಸುಬುಸು ಹೊಡೆದರೆ ಪಿಸ್ಟನ್ ರಿಂಗ್ ಮತ್ತು ಬೋರ್ ಸವೆದಿವೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿಯ ಲೇಪವಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು; ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲೇ ಬಿರುಕಿನ ಸಂಶಯ ಪಡಬೇಕು. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು, ಎಳೆಯುವಾಗ ಬರುವ ದಟ್ಟ ಕಪ್ಪು ಹೊಗೆ ನಾಝಲ್, ಪಂಪ್ ಅಥವಾ ಏರ್ ಫಿಲ್ಟರ್‌ನ ದೂರು. ಇವೆಲ್ಲಕ್ಕೂ ಔಷಧವಿದೆ. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ, ಲೇತ್ ಮತ್ತು ಬೋರಿಂಗ್ ಕೆಲಸ ಹತ್ತಿರದ ಪೇಟೆಯಲ್ಲೇ ಆಗುತ್ತದೆ. ಎಂಜಿನ್ ಕೆಟ್ಟಿರುವುದು ಬೆಲೆ ಇಳಿಸಲು ನಿಮಗೆ ಅನುಕೂಲವೇ ಆಗಬಹುದು.

ಡಿಐ ಎಂಜಿನ್ ಕೂರಿಸುವ ಸಲಹೆಯನ್ನು ಮಾತ್ರ ಒಪ್ಪಬೇಡಿ. ಅದಕ್ಕೆ ಕೆಳ ವೇಗದಲ್ಲಿ ಎಳೆತ ಚೆನ್ನಾಗಿದೆ, ಹೀಟರ್ ಪ್ಲಗ್‌ನ ರಗಳೆ ಇಲ್ಲ, ಎಲ್ಲ ಕಡೆ ರಿಪೇರಿ ಗೊತ್ತಿದೆ ಎಂಬುದೆಲ್ಲ ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಗಾಡಿಯ ಆರ್‌ಸಿಯೇ ಮುಗಿದಿರುವಾಗ ತಪಾಸಣೆಯ ಹೊತ್ತಿಗೆ ಎಂಜಿನ್ ಸಂಖ್ಯೆ ಹೊಂದದಿದ್ದರೆ ಇಡೀ ಖರ್ಚು ನೀರಿನಲ್ಲಿ ಹೋಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ಎತ್ತಲು ಇದೇ ಒಂದು ನೆಪ ಸಾಕು.

ಫೋರ್ ವೀಲ್ ಡ್ರೈವ್ ಇದೆ ಎಂಬ ಮಾತನ್ನು ಲಿವರ್ ನೋಡಿ ನಂಬಬೇಡಿ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಒಯ್ಯುವ ಜಾಯಿಂಟ್ ಬಿಚ್ಚಿಟ್ಟು ವರ್ಷಗಟ್ಟಲೆ ಟೂ ವೀಲ್‌ನಲ್ಲೇ ಓಡಿಸಿದ ಜೀಪುಗಳು ಬೇಕಾದಷ್ಟಿವೆ. ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಲೋ ಹಾಕಿ ನಿಧಾನವಾಗಿ ಹತ್ತಿಸಿ, ಇನ್ನೊಬ್ಬರು ಹೊರಗೆ ನಿಂತು ಮುಂದಿನ ಚಕ್ರಗಳು ಮಣ್ಣು ಕೆರೆಯುತ್ತಿವೆಯೇ ಎಂದು ಗಮನಿಸಲಿ. ಇದನ್ನು ಡಾಂಬರಿನ ಮೇಲೆ ಮಾಡಬಾರದು; ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಉರುಳುವಾಗ ಆ ವ್ಯತ್ಯಾಸ ಹೋಗಲು ಜಾಗವಿಲ್ಲದೆ ಗೇರುಗಳ ಮೇಲೆ ಬಿಗಿತ ಬೀಳುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಗೆ ಹಾರುತ್ತದೆಯೇ, ಮುಂದಿನ ಹೌಸಿಂಗ್ ತುದಿಯ ಗುಂಡು ಭಾಗದಿಂದ ಆಯಿಲ್ ಸೋರಿದೆಯೇ ನೋಡಿ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಕೆಳಗಿದ್ದು ಕಿಂಗ್ ಪಿನ್ ಮತ್ತು ಬಾಲ್ ಜಾಯಿಂಟ್‌ಗಳ ಸಡಿಲವನ್ನು ನೋಡಬೇಕು. ಒಂದು ಮಾತನ್ನು ಸೇರಿಸಬೇಕು: ನಮ್ಮ ಕಡೆಯ ಎಷ್ಟೋ ತೋಟಗಳಲ್ಲಿ ಟೂ ವೀಲ್ ಜೀಪಿನ ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿಯೇ ಮಳೆಗಾಲ ಕಳೆಯುತ್ತಾರೆ. ನಿಮ್ಮ ದಾರಿಗೆ ಬರುವ ಬಾಡಿಗೆ ಜೀಪ್ ಅಂಥದ್ದೇ ಆಗಿದ್ದರೆ ಫೋರ್ ವೀಲ್ ಎಂಬ ಒಂದೇ ಹೆಸರಿಗೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ.

ಎರಡು ವರ್ಷ ನಿಂತ ಗಾಡಿಯಲ್ಲಿ ಮೆಕ್ಯಾನಿಕ್ಕಿನ ಪಟ್ಟಿಗೆ ಸೇರದ ಕೆಲಸಗಳಿರುತ್ತವೆ. ವೀಲ್ ಸಿಲಿಂಡರ್‌ಗಳು ಹಿಡಿದುಕೊಂಡಿರುತ್ತವೆ, ಬ್ರೇಕ್ ಹೋಸ್‌ಗಳು ಬಿರುಕು ಬಿಟ್ಟಿರುತ್ತವೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ಕೆಸರು ಕೂತಿರುತ್ತದೆ, ವೈರಿಂಗನ್ನು ಇಲಿ ಕಡಿದಿರುತ್ತದೆ, ಟೈರಿನ ಪಕ್ಕ ಒಡೆದಿರುತ್ತದೆ. ಆದ್ದರಿಂದ 60,000ದ ಅಂದಾಜನ್ನು ನಾನು 90,000 ಎಂದೇ ಓದುತ್ತೇನೆ. ಅವರು ಕೇಳಿದ ಬೆಲೆಗೆ ಕೊಂಡರೆ 1,40,000, ರಿಪೇರಿ 90,000, ಕಾಗದ ಮತ್ತು ವಿಮೆ 28,000 ಸೇರಿ ಎರಡೂವರೆ ಲಕ್ಷ ದಾಟುತ್ತದೆ. ಈ ಮೊತ್ತಕ್ಕೆ ಆರ್‌ಸಿ ಚಾಲ್ತಿಯಲ್ಲಿರುವ, ದಿನನಿತ್ಯ ಓಡುತ್ತಿರುವ ಜೀಪನ್ನೇ ಹುಡುಕಬಹುದು; ನಿತ್ಯ ಓಡುವ ಗಾಡಿ ನಿಂತ ಗಾಡಿಗಿಂತ ಯಾವಾಗಲೂ ಮೇಲು. ಅವರು 80,000ಕ್ಕೆ ಒಪ್ಪಿ, ಫಾರ್ಮ್ 31 ಮತ್ತು ನವೀಕರಣದ ಶುಲ್ಕವನ್ನು ತಾವೇ ಭರಿಸಿದರೆ ನಿಮಗೆ ಒಟ್ಟು 1,80,000ದ ಆಸುಪಾಸಿನಲ್ಲಿ ಮುಗಿಯುತ್ತದೆ. ನನ್ನ ಮಿತಿ ಅಷ್ಟೇ.

ಗಾಡಿ ಕೊಂಡರೆ ಥರ್ಡ್ ಪಾರ್ಟಿ ವಿಮೆಯೊಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಅದರಲ್ಲಿ ಜೀಪಿನೊಳಗೆ ಕುಳಿತವರಿಗೆ ರಕ್ಷಣೆ ಸಿಗುವುದಿಲ್ಲ. ತಾಯಿಯವರನ್ನು, ತೋಟದ ಆಳುಗಳನ್ನು ಕೂರಿಸಿಕೊಂಡು ಹೋಗುವ ನಿಮಗೆ ಒಳಗಿರುವವರಿಗೂ ಅನ್ವಯವಾಗುವ ಪಾಲಿಸಿ ಬೇಕು, ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಸರಿ.

ನೋಡಲು ಹೋಗುವ ದಿನ ಬೆಳಿಗ್ಗೆ ಬೇಗ ಹೋಗಿ, ‘ನಾವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ’ ಎಂದು ಮಾರುವವರಿಗೆ ಹಿಂದಿನ ದಿನವೇ ತಿಳಿಸಿಡಿ. ತಲುಪಿದ ಕೂಡಲೇ ಬಾನೆಟ್ ಎತ್ತಿ ಎಂಜಿನ್ನನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ಆರ್‌ಸಿ ಮುಗಿದಿರುವ ಗಾಡಿಯನ್ನು ರಸ್ತೆಗೆ ತರುವಂತಿಲ್ಲವಾದ್ದರಿಂದ ಅವರ ತೋಟದೊಳಗಿನ ಅತಿ ಕಡಿದಾದ ದಾರಿಯಲ್ಲೇ ಪರೀಕ್ಷೆ ಮಾಡಿ. ಬ್ರೇಕನ್ನು ಮೊದಲು ಸಮತಟ್ಟಿನಲ್ಲಿ ನೋಡಿಕೊಂಡು, ನಾಲ್ಕೈದು ಚೀಲ ಭಾರ ಹಾಕಿ, ಯಾರನ್ನೂ ಹಿಂದೆ ಕೂರಿಸದೆ ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಮೇಲೆ ಒಂದು ನಿಮಿಷ ಹಿಡಿದು, ಅಲ್ಲಿಂದಲೇ ಲೋ ಗೇರ್‌ನಲ್ಲಿ ಮೇಲಕ್ಕೆ ಎಬ್ಬಿಸಿ. ಕ್ಲಚ್ ಸುಟ್ಟ ವಾಸನೆ ಬಾರದೆ, ಹಿಂದಕ್ಕೆ ಜಾರದೆ ಹತ್ತಿದರೆ ಮುಂಗಡದ ಮಾತಿಗೆ ಕೂರಬಹುದು. ಆ ಮುಂಗಡ ಐದು ಸಾವಿರಕ್ಕಿಂತ ಹೆಚ್ಚಾಗದಿರಲಿ, ಮತ್ತು ಆರ್‌ಸಿ ಅವರ ಹೆಸರಿಗೆ ಬಂದು ನವೀಕರಣವಾದ ಮೇಲಷ್ಟೇ ಉಳಿದ ಹಣ ಎಂಬುದು ಅದೇ ರಸೀದಿಯಲ್ಲಿ ಬರವಣಿಗೆಯಲ್ಲಿರಲಿ.